ಮನೆಯೊಳಗಿನ ಮೊಲದ ಗೂಡು: ನೆಲದ ದೋಷ ಹುಡುಕುವುದು, ಸರಿಮಾಡುವುದು

ಮನೆಯೊಳಗೆ ಮೊಲಕ್ಕೆ ತಾವೇ ಗೂಡು ಮಾಡುವವರು ಬೇಲಿಯ ಬಗ್ಗೆ ತುಂಬಾ ಯೋಚಿಸುತ್ತಾರೆ. ಎಷ್ಟು ಎತ್ತರ ಬೇಕು, ಜಾಲರಿಯ ಸಂದಿ ಎಷ್ಟಿರಬೇಕು, ಹಾರಿ ಹೋದರೆ ಏನು ಗತಿ ಅಂತ. ನೆಲದ ಮಾತು ಕೊನೆಗೆ ಬರುತ್ತದೆ. ಹೇಗೂ ಟೈಲ್ಸ್ ಇದೆ, ಮೇಲೆ ಏನಾದರೂ ಹಾಸಿದರಾಯಿತು ಎಂದು ಬಿಟ್ಟುಬಿಡುತ್ತಾರೆ. ಆಮೇಲೆ ಒಂದೊಂದಾಗಿ ತೊಂದರೆ ಶುರುವಾಗುತ್ತದೆ. ಮೊಲ ಜಾರುತ್ತದೆ. ಹಿಮ್ಮಡಿ ಕೆಂಪಾಗುತ್ತದೆ. ರೂಮಿಗೆ ಕಾಲಿಟ್ಟರೆ ವಾಸನೆ. ಹಾಸಿದ ಮ್ಯಾಟಿನ ಒಂದು ಮೂಲೆ ಮಾಯ. ಆಗ ಎಲ್ಲರೂ ಮಾಡುವುದು ಒಂದೇ: ಇದ್ದದ್ದನ್ನು ಎಸೆದು ಬೇರೆ ಮ್ಯಾಟ್ ತರುವುದು. ಎಷ್ಟೋ ಸಲ ಹೊಸದರಲ್ಲೂ ಅದೇ ಕಥೆ.

ಯಾಕೆಂದರೆ ಗೂಡಿನ ನೆಲಕ್ಕೆ ಮೂರು ಬೇರೆ ಬೇರೆ ಕೆಲಸ ಇದೆ. ಕಾಲಿಗೆ ಹಿಡಿತ ಕೊಡಬೇಕು. ಹಿಮ್ಮಡಿಗೆ ಮೆತ್ತಗಿರಬೇಕು. ಮೇಲ್ಭಾಗ ಒಣಗಿರಬೇಕು. ಈ ಮೂರನ್ನೂ ಒಂದೇ ವಸ್ತುವಿನಿಂದ ಮಾಡಿಸಲು ಹೋಗಿಯೇ ನಾವು ಸೋಲುವುದು. ಟೈಲ್ಸ್ ತೊಳೆಯಲು ಸುಲಭ, ಆದರೆ ಜಾರುತ್ತದೆ, ಗಟ್ಟಿ. ದಪ್ಪ ಕಾರ್ಪೆಟ್ ಮೆತ್ತಗಿದೆ, ಆದರೆ ಉಚ್ಚೆ ಕುಡಿದು ಒದ್ದೆಯಾಗಿಯೇ ಉಳಿಯುತ್ತದೆ. ಒಂದೊಂದು ಕೆಲಸಕ್ಕೆ ಒಂದೊಂದು ಪದರ ಇಟ್ಟುಕೊಂಡರೆ, ಯಾವುದು ಕೆಟ್ಟಿದೆಯೋ ಅದನ್ನು ಮಾತ್ರ ಬದಲಿಸಿದರೆ ಸಾಕು. ಹಾಗಾಗಿ ಅಂಗಡಿಗೆ ಹೋಗುವ ಮೊದಲು ಕೆಟ್ಟಿರುವುದು ಯಾವ ಕೆಲಸ ಎಂದು ಕಂಡುಹಿಡಿಯಬೇಕು.

ನಮ್ಮ ಫ್ಲ್ಯಾಟುಗಳಲ್ಲಿ ಇರುವುದು ಹೆಚ್ಚಾಗಿ ನುಣುಪಾದ ವಿಟ್ರಿಫೈಡ್ ಟೈಲ್ಸ್. ಹಳೆಯ ಮನೆಗಳಲ್ಲಿ ರೆಡ್ ಆಕ್ಸೈಡ್, ಮೊಸಾಯಿಕ್, ಕಡಪ ಕಲ್ಲು, ಶಹಾಬಾದ್ ಕಲ್ಲು. ಇವೆಲ್ಲದರ ಮೇಲೂ ಒಳ್ಳೆಯ ಗೂಡು ಮಾಡಬಹುದು. ಕಲ್ಲಿನ ನೆಲ ಇದ್ದವರು ಮಾತ್ರ ಕೆಳಗೆ ತೊಳೆಯುವ ಬಗ್ಗೆ ಬರೆದಿರುವುದನ್ನು ತಪ್ಪದೆ ಓದಿ.

ಮೊದಲು ಪಾದ ನೋಡಿ

ನೆಲ ಸರಿಯಿದೆಯೋ ಇಲ್ಲವೋ ಎಂದು ಮೊಲದ ಹಿಂಗಾಲೇ ಹೇಳುತ್ತದೆ. ನಾಯಿ, ಬೆಕ್ಕುಗಳ ಹಾಗೆ ಮೊಲದ ಅಂಗಾಲಿನಲ್ಲಿ ಮೆತ್ತನೆಯ ಗದ್ದುಗೆ ಇಲ್ಲ. ಬರೀ ಚರ್ಮ, ಅದರ ಮೇಲೆ ದಟ್ಟ ಕೂದಲು. ಕೂತಾಗ ಮೈಭಾರದ ಬಹುಪಾಲು ಹಿಂಗಾಲಿನ ಉದ್ದನೆಯ ಪಾದದ ಮೇಲೆ, ಅದರಲ್ಲೂ ಹಿಮ್ಮಡಿಯ ಮೇಲೆ ಬೀಳುತ್ತದೆ. ಓಡುವಾಗ ಉಗುರು ನೆಲಕ್ಕೆ ಕಚ್ಚಿಕೊಂಡು ಹಿಡಿತ ಕೊಡುತ್ತದೆ. ಮಣ್ಣಿಗೆ, ಹುಲ್ಲಿಗೆ ಹೇಳಿ ಮಾಡಿಸಿದ ಕಾಲು ಅದು. ಟೈಲ್ಸ್‌ನಲ್ಲಿ ಉಗುರು ಕಚ್ಚಲು ಏನೂ ಇಲ್ಲ.

ಪಾದ ನೋಡಲು ಮೊಲವನ್ನು ಅಂಗಾತ ಮಲಗಿಸಬೇಡಿ. ಹಾಗೆ ಮಲಗಿಸಿದಾಗ ಅದು ಸುಮ್ಮನಿದ್ದರೆ ಆರಾಮಾಗಿದೆ ಎಂದಲ್ಲ, ಹೆದರಿ ಮರಗಟ್ಟಿದೆ ಎಂದು ಅರ್ಥ. ನೀವು ನೆಲದ ಮೇಲೆ ಕೂತು ಮೊಲವನ್ನು ಎದೆಗೆ ಒರಗಿಸಿಕೊಳ್ಳಿ. ಹಿಂಭಾಗಕ್ಕೆ ಒಂದು ಕೈ ಆಸರೆ ಇರಲಿ. ಮನೆಯವರು ಯಾರಾದರೂ ಒಂದು ಹಿಂಗಾಲನ್ನು ಮೆಲ್ಲಗೆ ಎತ್ತಿ, ಕೂದಲನ್ನು ಬಿಡಿಸಿ ನೋಡಲಿ. ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಡಿ. ಮುಂದೆ ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ಕೂದಲು ದಟ್ಟವಾಗಿ ಒಣಗಿದ್ದರೆ ನೆಲ ಸರಿಯಿದೆ. ಕೂದಲು ತೆಳುವಾಗಿ ಹಿಮ್ಮಡಿಯಲ್ಲಿ ಸಣ್ಣ ಬೋಳು ಜಾಗ ಕಂಡರೆ, ಚರ್ಮ ತಿಳಿ ಬಣ್ಣದಲ್ಲಿ ಒಣಗಿದ್ದರೆ, ಗಾಬರಿ ಬೇಡ. ಆದರೆ ನೆಲ ಗಟ್ಟಿಯಾಯಿತು ಎಂಬ ಸೂಚನೆ ಅದು. ಚರ್ಮ ಕೆಂಪಾಗಿ ಹೊಳೆಯುತ್ತಿದ್ದರೆ, ಸಿಪ್ಪೆ ಎದ್ದಿದ್ದರೆ, ಮುಟ್ಟಿದಾಗ ಕಾಲು ಎಳೆದುಕೊಂಡರೆ, ಇವತ್ತೇ ನೆಲ ಬದಲಿಸಬೇಕು. ಗಾಯ, ರಕ್ತ, ಊತ, ಕೀವು ಏನಾದರೂ ಇದ್ದರೆ ಮೊದಲು ಡಾಕ್ಟರು, ಆಮೇಲೆ ನೆಲ. ಕೂದಲು ಹಳದಿಯಾಗಿ ಅಂಟಂಟಾಗಿದ್ದರೆ ಮೊಲ ಒದ್ದೆಯಲ್ಲೇ ಕೂರುತ್ತಿದೆ.

ಹಾಗೇ ಉಗುರನ್ನೂ ನೋಡಿ. ಮನೆಯೊಳಗೆ ಇರುವ ಮೊಲದ ಉಗುರು ತಾನಾಗಿ ಸವೆಯುವುದಿಲ್ಲ. ಅದು ಉದ್ದವಾದರೆ ಬೆರಳುಗಳು ಮೇಲೆದ್ದು ಭಾರವೆಲ್ಲ ಹಿಂದಕ್ಕೆ, ಹಿಮ್ಮಡಿಗೆ ಹೋಗುತ್ತದೆ. ಆಗ ಎಂಥ ಒಳ್ಳೆಯ ಹಾಸು ಹಾಕಿದರೂ ಹುಣ್ಣು ತಪ್ಪುವುದಿಲ್ಲ. ನಾಲ್ಕರಿಂದ ಆರು ವಾರಕ್ಕೊಮ್ಮೆ ಕತ್ತರಿಸಬೇಕಾಗುತ್ತದೆ. ನೆಲದ ಮೇಲೆ ದುಡ್ಡು ಹಾಕುವ ಮೊದಲು ಈ ಪುಕ್ಕಟೆ ಕೆಲಸ ಮುಗಿಸಿಬಿಡಿ.

ತೊಂದರೆ: ಜಾರುತ್ತದೆ, ಹಾಸಿನಿಂದ ಕೆಳಗಿಳಿಯುವುದೇ ಇಲ್ಲ

ಕೆಲವರು "ನಮ್ಮ ಮೊಲ ತುಂಬಾ ಸಾಧು, ಒಂದೇ ಕಡೆ ಕೂತಿರುತ್ತೆ" ಎನ್ನುತ್ತಾರೆ. ಆ ಸಾಧುತನವನ್ನು ಒಮ್ಮೆ ಪರೀಕ್ಷಿಸಬೇಕು. ಗೂಡಿನಿಂದ ಬಾಗಿಲವರೆಗೆ ಒಂದು ಹತ್ತಿ ಜಮಖಾನ ಹಾಸಿ ನೋಡಿ. ಸಂಜೆ ಹೊತ್ತಿಗೆ ಮೊಲ ಅದರ ಮೇಲೆ ಓಡಾಡಿ, ಗಾಳಿಯಲ್ಲಿ ಕುಪ್ಪಳಿಸಿದರೆ, ಅಷ್ಟು ದಿನವೂ ಅದು ಜಾರುವ ಭಯದಲ್ಲಿ ಕೂತಿತ್ತು ಎಂದು ಗೊತ್ತಾಗುತ್ತದೆ. ನನಗೆ ತುಂಬಾ ಸಂಕಟವಾಗುವುದು ಇದೇ ವಿಷಯಕ್ಕೆ. ಹುಣ್ಣಾದರೆ ಕಣ್ಣಿಗೆ ಕಾಣುತ್ತದೆ, ಭಯ ಕಾಣುವುದಿಲ್ಲ.

ಜಾರುವುದು ಬರೀ ಅನನುಕೂಲದ ಮಾತಲ್ಲ. ಮೊಲದ ಮೂಳೆಗಳು ಹಗುರ. ಇಡೀ ಅಸ್ಥಿಪಂಜರ ಅದರ ತೂಕದ 7ರಿಂದ 8 ಶೇಕಡಾ ಅಷ್ಟೇ. ಹಿಂಗಾಲಿನ ಮಾಂಸಖಂಡಗಳು ಮಾತ್ರ ಬಹಳ ಬಲಶಾಲಿ. ಹೆದರಿ ಜೋರಾಗಿ ಒದ್ದಾಗ ಕಾಲಿಗೆ ಹಿಡಿತ ಸಿಗದೆ ಮೈ ತಿರುಚಿಕೊಂಡರೆ, ಅದರ ಬಲವೇ ಅದರ ಬೆನ್ನುಮೂಳೆಯನ್ನು ಮುರಿಯಬಹುದು. ಮರಿಗಳಲ್ಲಿ ಇನ್ನೊಂದು ಅಪಾಯ ಇದೆ. ನುಣುಪು ನೆಲದ ಮೇಲೆ ಬೆಳೆದ ಮರಿಯ ಕಾಲುಗಳು ಪಕ್ಕಕ್ಕೆ ಸರಿದು ಹಾಗೆಯೇ ನಿಂತುಬಿಡಬಹುದು.

ಪರೀಕ್ಷೆ ಸುಲಭ. ಹತ್ತಿ ಸಾಕ್ಸ್ ಹಾಕಿಕೊಂಡು ಆ ನೆಲದ ಮೇಲೆ ಕಾಲನ್ನು ಪಕ್ಕಕ್ಕೆ ತಳ್ಳಿ ನೋಡಿ. ಮೊಲದ ಕೂದಲ ಪಾದ ಹೆಚ್ಚುಕಡಿಮೆ ಸಾಕ್ಸ್ ಹಾಕಿದ ಕಾಲಿನಂತೆಯೇ. ನಿಮ್ಮ ಕಾಲು ಸಲೀಸಾಗಿ ಸರಿದರೆ ಅದರದ್ದೂ ಸರಿಯುತ್ತದೆ. ವಿಟ್ರಿಫೈಡ್ ಟೈಲ್ಸ್, ಪಾಲಿಶ್ ಮಾಡಿದ ಗ್ರಾನೈಟ್, ಮೇಣ ಹಚ್ಚಿ ಉಜ್ಜಿದ ರೆಡ್ ಆಕ್ಸೈಡ್, ನುಣುಪಾದ ವಿನೈಲ್ ಶೀಟ್, ಈಗ ಎಲ್ಲೆಡೆ ಸಿಗುವ ಪ್ಲಾಸ್ಟಿಕ್ ಚಾಪೆ, ಎಲ್ಲವೂ ಇಲ್ಲಿ ಫೇಲ್.

ಹಾಸಿನ ಮೇಲ್ಭಾಗ ಚೆನ್ನಾಗಿ ಹಿಡಿಯುತ್ತದೆ, ಆದರೂ ಮೊಲ ಜಾರುತ್ತದೆ ಎಂದಾದರೆ, ಹಾಸೇ ಟೈಲ್ಸ್ ಮೇಲೆ ಸರಿಯುತ್ತಿದೆ. ಬೆಳಿಗ್ಗೆ ನೋಡಿದಾಗ ಅದು ಮುದ್ದೆಯಾಗಿ ಒಂದು ಮೂಲೆಯಲ್ಲಿದ್ದರೆ ಅನುಮಾನವೇ ಬೇಡ. ಇದಕ್ಕೆ ಹೊಸ ಮ್ಯಾಟ್ ಬೇಡ, ಹಾಸು ಗಟ್ಟಿಯಾಗಿ ನಿಂತರೆ ಸಾಕು. ಬೇಲಿಗಿಂತ ಒಂದು ಗೇಣು ದೊಡ್ಡ ಬಟ್ಟೆ ತೆಗೆದುಕೊಂಡು ಅಂಚನ್ನು ಬೇಲಿಯ ಕೆಳಗಿಂದ ಹೊರಗೆ ಎಳೆದು ಬಿಡಿ. ಬೇಲಿಯ ಭಾರವೇ ಹಿಡಿದುಕೊಳ್ಳುತ್ತದೆ. ನಾಲ್ಕು ಮೂಲೆಗೆ ಹುಲ್ಲಿನ ಟ್ರೇ, ನೀರಿನ ಭಾರದ ಬಟ್ಟಲು, ಅಡಗುಪೆಟ್ಟಿಗೆಗಳನ್ನು ಇಟ್ಟರೆ ಇನ್ನೂ ಒಳ್ಳೆಯದು. ಕಾರ್ಪೆಟ್ ಕೆಳಗೆ ಹಾಕುವ ರಬ್ಬರಿನಂಥ ಜಾಲರಿ ಸಿಗುತ್ತದಲ್ಲ, ಅದನ್ನು ಹಾಕುವುದಾದರೆ ಮೊಲದ ಬಾಯಿಗೆ ಎಲ್ಲೂ ಸಿಗದಂತೆ ಪೂರ್ತಿ ಮುಚ್ಚಿರಬೇಕು.

ಒಳ್ಳೆಯ ಹಿಡಿತ ಇರುವ ಹಾಸಿನ ಮೇಲೂ ಕಾಲು ಎಳೆಯುತ್ತಿದ್ದರೆ, ಒಂದು ಪಕ್ಕಕ್ಕೆ ವಾಲುತ್ತಿದ್ದರೆ, ತಲೆ ಓರೆಯಾಗಿದ್ದರೆ ಅದು ನೆಲದ ದೋಷ ಅಲ್ಲವೇ ಅಲ್ಲ. ವಯಸ್ಸಾದ ಮೊಲಕ್ಕೆ ಕೀಲುನೋವು ಇರಬಹುದು, ನರಕ್ಕೆ ಸೋಂಕು ತಗಲಿರಬಹುದು, ಬೆನ್ನಿಗೆ ಪೆಟ್ಟಾಗಿರಬಹುದು. ಮ್ಯಾಟ್ ಬದಲಿಸುತ್ತಾ ದಿನ ಕಳೆಯಬೇಡಿ.

ತೊಂದರೆ: ಹಿಮ್ಮಡಿ ಬೋಳಾಗಿದೆ, ಕೆಂಪಾಗಿದೆ

ಹಿಮ್ಮಡಿ ಹುಣ್ಣಿಗೆ ಎರಡು ಮುಖ್ಯ ಕಾರಣ: ಒತ್ತಡ ಮತ್ತು ಒದ್ದೆ. ಗಟ್ಟಿ ನೆಲ ಮತ್ತು ಮೂಳೆಯ ನಡುವೆ ಸಿಕ್ಕಿಕೊಂಡ ಚರ್ಮಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಮೊದಲು ಕೂದಲು ಉದುರುತ್ತದೆ, ಆಮೇಲೆ ಚರ್ಮ ಕೆಂಪಾಗುತ್ತದೆ, ಬಿರಿಯುತ್ತದೆ. ಒದ್ದೆ ಇದ್ದರೆ ಚರ್ಮ ನೆನೆದು ಈ ಎಲ್ಲವೂ ಬೇಗ ಆಗುತ್ತದೆ. ಬಿರಿದ ಜಾಗದಿಂದ ಸೋಂಕು ಒಳಗೆ ಹೋದರೆ ಮೂಳೆಯವರೆಗೂ ಇಳಿಯಬಹುದು. ಆ ಹಂತದಲ್ಲಿ ವಾಸಿಯಾಗುವುದು ಬಹಳ ಕಷ್ಟ. ತೂಕ ಜಾಸ್ತಿ ಇರುವ ಮೊಲ, ಓಡಾಟ ಇಲ್ಲದ ಮೊಲ, ಪಾದದ ಕೂದಲು ತೆಳುವಾಗಿರುವ ರೆಕ್ಸ್ ತಳಿ, ಇವಕ್ಕೆ ಅಪಾಯ ಹೆಚ್ಚು.

ಎರಡರಲ್ಲಿ ಯಾವುದು ಎಂದು ಬೇರ್ಪಡಿಸಲು ಎರಡು ಪರೀಕ್ಷೆ ಮಾಡಿ. ಮೊಲ ಹೆಚ್ಚು ಹೊತ್ತು ಕೂರುವ ಜಾಗದಲ್ಲಿ ಬರಿ ಮೊಣಕಾಲು ಊರಿ ಒಂದು ನಿಮಿಷ ಕೂರಿ. ನೋವಾದರೆ, ಕೆಳಗಿನ ಟೈಲ್ಸ್ ಮೊಣಕಾಲಿಗೆ ತಗಲಿದರೆ, ಹಾಸು ತೆಳುವಾಯಿತು. ಆಮೇಲೆ ಅದೇ ಜಾಗಕ್ಕೆ ಒಂದು ಟಿಶ್ಯೂ ಇಟ್ಟು ಅಂಗೈಯಿಂದ ಗಟ್ಟಿಯಾಗಿ ಒತ್ತಿ. ಟಿಶ್ಯೂ ಒದ್ದೆಯಾದರೆ ಪಾದವೂ ಒದ್ದೆಯಾಗುತ್ತಿದೆ. ಗೂಡಿನ ನಡುವೆ ಎಲ್ಲೋ ಒಂದು ಕಡೆ ನೋಡಿ ಬಿಡಬೇಡಿ. ಮೊಲ ದಿನದ ಬಹುಪಾಲು ಕೂರುವುದು ಎರಡು ಮೂರು ಕಡೆ ಮಾತ್ರ. ಅಲ್ಲೇ ಹಾಸು ಸವೆದು ತೆಳುವಾಗಿರುತ್ತದೆ.

ತಂತಿ ಜಾಲರಿಯ ತಳ ಇರುವ ಪಂಜರವನ್ನು ತಂದು ಅದಕ್ಕೇ ಬೇಲಿ ಸೇರಿಸಿ ಗೂಡು ಮಾಡಿದವರು ಇದ್ದಾರೆ. ಮೊಲ ಸಾಕಣೆ ಕೇಂದ್ರಗಳಲ್ಲಿ ಹಿಕ್ಕೆ ಕೆಳಗೆ ಬಿದ್ದುಹೋಗಲಿ ಎಂದು ಜಾಲರಿ ತಳ ಬಳಸುತ್ತಾರೆ. ಮನೆಯ ಮೊಲ ನಮ್ಮ ಜೊತೆ ಎಂಟು, ಹತ್ತು ವರ್ಷ ಬದುಕಬೇಕಾದದ್ದು. ಆ ತಂತಿಯ ಮೇಲೆ ಅದು ನಿಲ್ಲಲೇಬಾರದು. ಜಾಲರಿ ತೆಗೆದುಹಾಕಲು ಆಗದಿದ್ದರೆ ಅಳತೆಗೆ ಪ್ಲೈವುಡ್ ಕತ್ತರಿಸಿ ಪೂರ್ತಿ ಮುಚ್ಚಿ, ಮೇಲೆ ಹಾಸು ಹಾಕಿ.

ತೆಂಗಿನ ನಾರಿನ ಕಾಲೊರಸು, ಗೋಣಿಚೀಲ ನೈಸರ್ಗಿಕ ಅಂತ ಹಾಕುವುದುಂಟು. ಹಿಡಿತ ಕೊಡುತ್ತವೆ, ನಿಜ. ಆದರೆ ನಾರು ಒರಟು, ಪಾದದ ಕೂದಲನ್ನು ಉಜ್ಜಿ ಉಜ್ಜಿ ತೆಗೆಯುತ್ತದೆ. ಗೋಣಿಯ ಎಳೆ ಬಿಚ್ಚಿಕೊಂಡು ಬೆರಳಿಗೆ ಸುತ್ತಿಕೊಳ್ಳುತ್ತದೆ. ಸುರುಳಿ ನೂಲಿನ ಕಾರ್ಪೆಟ್‌ನಲ್ಲಿ ಉಗುರು ಸಿಕ್ಕಿಕೊಂಡು ಕಿತ್ತೇ ಬರಬಹುದು. ಹಿಮ್ಮಡಿ ಕೆಂಪಾಗಿರುವಾಗ ಈ ಮೂರನ್ನೂ ಮೊದಲು ಹೊರಗೆ ಹಾಕಿ.

ಗಾಯಕ್ಕೆ ಮನೆಯಲ್ಲಿರುವ ಮುಲಾಮು ಹಚ್ಚಬೇಡಿ. ಮೊಲ ಅದನ್ನು ನೆಕ್ಕಿಬಿಡುತ್ತದೆ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಮಾತ್ರೆಯನ್ನಂತೂ ಕೊಡಲೇಬೇಡಿ. ಪೆನಿಸಿಲಿನ್ ಜಾತಿಯ ಔಷಧಗಳು ಬಾಯಿಯಿಂದ ಹೋದರೆ ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಮೊಲವೇ ಸಾಯಬಹುದು. ಎಲ್ಲ ಪಶುವೈದ್ಯರೂ ಮೊಲ ನೋಡುವುದಿಲ್ಲ, ಹಾಗಾಗಿ ಫೋನ್ ಮಾಡಿ ಕೇಳಿಕೊಂಡೇ ಹೋಗಿ.

ತೊಂದರೆ: ವಾಸನೆ, ಒದ್ದೆ

ಇದು ಎಲ್ಲರ ಮನೆಯ ದೂರು. ಅತಿ ಹೆಚ್ಚು ಮ್ಯಾಟ್‌ಗಳು ಕಸದ ಬುಟ್ಟಿ ಸೇರುವುದೂ ಇದಕ್ಕೇ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಒದ್ದೆಯನ್ನು ನಿಭಾಯಿಸುವ ನೆಲಕ್ಕೆ ಮೂರು ಪದರ ಬೇಕು. ಎಲ್ಲಕ್ಕಿಂತ ಕೆಳಗೆ ನೀರು ಇಳಿಯದ ಹಾಳೆ. ಕೂಸುಗಳ ಹಾಸಿಗೆಗೆ ಹಾಕುವ ರಬ್ಬರ್ ಶೀಟ್ ಸಾಕು, ವಿನೈಲ್ ಶೀಟೂ ಆಗುತ್ತದೆ. ಅದರ ಮೇಲೆ ನೀರು ಕುಡಿಯುವ ಪದರ: ಹಳೆಯ ಟರ್ಕಿ ಟವೆಲ್, ದಪ್ಪ ಹತ್ತಿ ಬೆಡ್‌ಶೀಟ್ ಎರಡು ಮೂರು ಮಡಿಕೆ. ಎಲ್ಲಕ್ಕಿಂತ ಮೇಲೆ ಫ್ಲೀಸ್ ಬಟ್ಟೆ. ಫ್ಲೀಸ್ ಪಾಲಿಯೆಸ್ಟರ್. ಅದು ನೀರು ಕುಡಿಯುವುದಿಲ್ಲ, ಕೆಳಗಿನ ಪದರಕ್ಕೆ ದಾಟಿಸುತ್ತದೆ. ಹಾಗಾಗಿ ಮೇಲ್ಭಾಗ ಬೇಗ ಒಣಗುತ್ತದೆ.

ಈಗ ದೋಷ ಹುಡುಕುವುದು ಸುಲಭ. ಹಾಸನ್ನು ಒಂದೊಂದೇ ಪದರವಾಗಿ ಎತ್ತುತ್ತಾ ಬನ್ನಿ.

ಉಚ್ಚೆ ಫ್ಲೀಸ್ ಮೇಲೆಯೇ ಹನಿಹನಿಯಾಗಿ ನಿಂತಿದೆಯಾ? ಹಾಗಿದ್ದರೆ ಬಟ್ಟೆ ಹೊಸದು, ಇಲ್ಲವೇ ಕಂಫರ್ಟ್‌ನಂಥ ಬಟ್ಟೆ ಮೆದುಗೊಳಿಸುವ ದ್ರವ ಹಾಕಿ ತೊಳೆದಿದ್ದೀರಿ. ಹೊಸ ಫ್ಲೀಸ್ ನೀರನ್ನು ಒಳಗೆ ಬಿಡುವುದಿಲ್ಲ. ಬಿಸಿನೀರಿನಲ್ಲಿ ಬರೀ ಸೋಪು ಹಾಕಿ ನಾಲ್ಕೈದು ಸಲ ತೊಳೆದರೆ ಸರಿಹೋಗುತ್ತದೆ. ಒಂದು ಚಮಚ ನೀರು ಸುರಿದು ನೋಡಿ. ತಟ್ಟನೆ ಇಳಿದರೆ ಬಟ್ಟೆ ತಯಾರು.

ಫ್ಲೀಸ್ ಮೇಲೆ ಒಣಗಿದೆ, ಆದರೆ ಒತ್ತಿದರೆ ಒದ್ದೆ ಮೇಲೆ ಬರುತ್ತದಾ? ಕೆಳಗಿನ ಟವೆಲ್ ತುಂಬಿಹೋಗಿದೆ. ಟವೆಲ್ ಬದಲಿಸಿ, ಅಥವಾ ಆ ಮೂಲೆಗೆ ಇನ್ನೊಂದು ಮಡಿಕೆ ಹಾಕಿ. ಫ್ಲೀಸ್ ಚೆನ್ನಾಗಿ ಕಾಣುತ್ತದೆ ಎಂದು ವಾರಗಟ್ಟಲೆ ಕೆಳಗೆ ನೋಡದೆ ಬಿಡುವುದೇ ಹೆಚ್ಚಿನ ಮನೆಗಳಲ್ಲಿ ವಾಸನೆಯ ಮೂಲ.

ಟೈಲ್ಸ್‌ವರೆಗೂ ಒದ್ದೆ ಬಂದಿದೆಯಾ? ರಬ್ಬರ್ ಶೀಟ್ ತೂತಾಗಿದೆ, ಇಲ್ಲವೇ ಅದರ ಅಂಚಿನಿಂದ ಹರಿದಿದೆ. ಮೊಲ ಬಾಲ ಎತ್ತಿ ಮೂಲೆಯಲ್ಲಿ ಉಚ್ಚೆ ಹೊಯ್ಯುತ್ತದೆ, ಅದೂ ಅಂಚಿಗೇ. ಶೀಟಿನ ಅಂಚನ್ನು ಬೇಲಿಯ ಹೊರಗಿನಿಂದ ಎರಡು ಮೂರು ಇಂಚು ಮೇಲಕ್ಕೆ ಮಡಿಸಿ ಕ್ಲಿಪ್ ಹಾಕಿ.

ಪ್ಲೈವುಡ್ ತಳದ ಗೂಡಾದರೆ ಮೂಗು ಹತ್ತಿರ ತಂದು ಮರವನ್ನೇ ಮೂಸಿ ನೋಡಿ. ಸಾದಾ ಕಮರ್ಷಿಯಲ್ ಪ್ಲೈ ಒಮ್ಮೆ ಉಚ್ಚೆ ಕುಡಿದರೆ ಊದಿಕೊಂಡು ಪದರ ಬಿಡುತ್ತದೆ, ವಾಸನೆ ಏನು ಮಾಡಿದರೂ ಹೋಗುವುದಿಲ್ಲ. 710 ಗುರುತಿನ ಮರೀನ್ ಪ್ಲೈ ನೀರು ತಡೆಯುತ್ತದೆ, ಆದರೂ ಅದರ ಮೇಲ್ಮೈ ವಾಸನೆ ಹಿಡಿಯುತ್ತದೆ. ಯಾವ ಪ್ಲೈ ಆದರೂ ಮೇಲೆ ಒಂದೇ ತುಂಡಿನ ವಿನೈಲ್ ಹಾಕಿ. ಅಂಚಿಗೆ ಅಲ್ಯೂಮಿನಿಯಂ ಎಲ್ ಪಟ್ಟಿ ಹೊಡೆದರೆ ಉಚ್ಚೆಯೂ ಇಳಿಯುವುದಿಲ್ಲ, ಹಲ್ಲಿಗೂ ಸಿಗುವುದಿಲ್ಲ.

ವಾಸನೆಯನ್ನು ನಾವು ನಿಂತ ಎತ್ತರದಲ್ಲಿ ಅಳೆಯುತ್ತೇವೆ. ಮೊಲದ ಮೂಗು ನೆಲದಿಂದ ಕೆಲವೇ ಇಂಚು ಮೇಲೆ ಇರುತ್ತದೆ. ಉಚ್ಚೆ ಕೊಳೆತಾಗ ಹೊರಡುವ ಅಮೋನಿಯಾ ಅದರ ಕಣ್ಣು, ಮೂಗು, ಶ್ವಾಸನಾಳವನ್ನು ಉರಿಸುತ್ತದೆ. ದಿನಕ್ಕೊಮ್ಮೆ ಬಗ್ಗಿ, ಅದರ ಮೂಗಿನ ಮಟ್ಟದಲ್ಲಿ ಉಸಿರು ಎಳೆದು ನೋಡಿ. ಕಣ್ಣು ಚುರುಗುಟ್ಟಿದರೆ ಟವೆಲ್ ಬದಲಿಸುವ ಹೊತ್ತು ಮೀರಿದೆ.

ಇಷ್ಟಾದರೂ ಒದ್ದೆ ನಿಲ್ಲದಿದ್ದರೆ ದೋಷ ನೆಲದ್ದಲ್ಲ, ಮೊಲ ಹಿಕ್ಕೆ, ಉಚ್ಚೆ ಮಾಡಲೆಂದು ಇಟ್ಟ ಟ್ರೇಯದ್ದು. ಮೊಲ ಹುಲ್ಲು ತಿನ್ನುತ್ತಲೇ ಹಿಕ್ಕೆ ಹಾಕುತ್ತದೆ, ಉಚ್ಚೆ ಹೊಯ್ಯುತ್ತದೆ. ಹುಲ್ಲನ್ನು ಒಂದು ಕಡೆ, ಟ್ರೇಯನ್ನು ಇನ್ನೊಂದು ಕಡೆ ಇಟ್ಟರೆ ಅದು ಹುಲ್ಲಿನ ಪಕ್ಕದ ಹಾಸನ್ನೇ ಬಳಸುತ್ತದೆ. ಮೊಲ ಪೂರ್ತಿ ಮೈಚಾಚುವಷ್ಟು ದೊಡ್ಡ ಟ್ರೇ ತೆಗೆದುಕೊಂಡು ಹುಲ್ಲನ್ನು ಅದರ ಒಂದು ತುದಿಗೇ ಹಾಕಿ. ತಳಕ್ಕೆ ನ್ಯೂಸ್‌ಪೇಪರ್ ಇಲ್ಲವೇ ಕಾಗದದ ಗುಳಿಗೆ, ಮೇಲೆ ಒಣಹುಲ್ಲು. ಉಂಡೆಕಟ್ಟುವ ಬೆಕ್ಕಿನ ಮರಳು ಬೇಡ, ಹೊಟ್ಟೆಗೆ ಹೋದರೆ ಉಬ್ಬುತ್ತದೆ. ಸಾಮಿಲ್‌ನ ಮರದ ಹೊಟ್ಟೂ ಬೇಡ. ಧೂಳು ಒಂದು ಕಡೆ, ಯಾವ ಮರದ್ದೋ ಗೊತ್ತಿಲ್ಲದಿರುವುದು ಇನ್ನೊಂದು ಕಡೆ. ಪೈನ್, ಸೀಡರ್ ಮರಗಳ ಹಸಿ ಹೊಟ್ಟಿನಿಂದ ಹೊರಡುವ ಘಾಟು ಮೊಲದ ಯಕೃತ್ತಿಗೆ ಒಳ್ಳೆಯದಲ್ಲ.

ಗೋಡೆಯ ಮೇಲೆ, ಬೇಲಿಯ ಮೇಲೆ ಎತ್ತರದಲ್ಲಿ ಉಚ್ಚೆಯ ಚಿಮ್ಮು ಕಂಡರೆ ಅದು ಪ್ರಾಯಕ್ಕೆ ಬಂದ ಮೊಲದ ಗುರುತು ಹಾಕುವ ಅಭ್ಯಾಸ. ಯಾವ ನೆಲವೂ ಅದಕ್ಕೆ ಉತ್ತರವಲ್ಲ. ಮೊಲದ ಅನುಭವ ಇರುವ ವೈದ್ಯರಿಂದ ಸಂತಾನಹರಣ ಮಾಡಿಸಿದರೆ ಬಹಳಷ್ಟು ಕಡಿಮೆಯಾಗುತ್ತದೆ, ಟ್ರೇ ಅಭ್ಯಾಸವೂ ಬೇಗ ಕೂರುತ್ತದೆ.

ತೊಳೆಯುವಾಗ ನೆಲ ಹಾಳಾಗದಿರಲಿ

ಮೊಲದ ಉಚ್ಚೆಯಲ್ಲಿ ಕ್ಯಾಲ್ಸಿಯಂ ಜಾಸ್ತಿ. ಊಟದಲ್ಲಿ ಹೆಚ್ಚಾದ ಕ್ಯಾಲ್ಸಿಯಂ ಅದರ ಮೈಯಿಂದ ಹೊರಹೋಗುವುದೇ ಮೂತ್ರದಲ್ಲಿ. ಒಣಗಿದಾಗ ಬಿಳಿ ಸುಣ್ಣದಂಥ ಪೊರೆ ಕೂರುವುದು ಅದಕ್ಕೇ. ಸೋಪಿಗೆ ಇದು ಬಗ್ಗುವುದಿಲ್ಲ, ಹುಳಿಗೆ ಕರಗುತ್ತದೆ. ಟೈಲ್ಸ್, ಪ್ಲಾಸ್ಟಿಕ್ ಟ್ರೇ, ವಿನೈಲ್ ಮೇಲೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಉಜ್ಜಿ. ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು ನೀರಿನಲ್ಲಿ ಕರಗಿಸಿದರೂ ಕೆಲಸ ಆಗುತ್ತದೆ.

ಆದರೆ ಕಡಪ ಕಲ್ಲು, ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ಮಾರ್ಬಲ್ ಎಲ್ಲವೂ ಸುಣ್ಣದ ಅಂಶದ ಕಲ್ಲುಗಳೇ. ಕಲೆಯನ್ನು ಕರಗಿಸುವ ಹುಳಿ ಕಲ್ಲನ್ನೂ ಕರಗಿಸುತ್ತದೆ. ಹೊಳಪು ಹೋಗಿ ಮಾಸಲು ಮಚ್ಚೆ ಉಳಿಯುತ್ತದೆ. ಮೊಸಾಯಿಕ್, ರೆಡ್ ಆಕ್ಸೈಡ್‌ಗೂ ಇದೇ ಮಾತು, ಅವುಗಳಲ್ಲಿ ಇರುವುದು ಸಿಮೆಂಟ್. ಇಂಥ ನೆಲದವರಿಗೆ ರಬ್ಬರ್ ಶೀಟ್ ಐಚ್ಛಿಕ ಅಲ್ಲ, ಹಾಕಲೇಬೇಕು. ಬಿದ್ದ ಉಚ್ಚೆಯನ್ನು ಆಗಲೇ ಸೋಪುನೀರಿನಲ್ಲಿ ಒರೆಸಿ. ಟೈಲ್ಸ್ ಮನೆಯವರೂ ಸಂದಿಯ ಸಿಮೆಂಟಿಗೆ ವಿನೆಗರ್ ನಿಲ್ಲದಂತೆ ನೋಡಿಕೊಳ್ಳಿ.

ಫಿನೈಲ್ ಹಾಕಬೇಡಿ. ಅದರ ಘಾಟು ಮೊಲಕ್ಕೆ ತಡೆಯಲಾಗದ್ದು, ಪಾದಕ್ಕೆ ಅಂಟಿದ್ದನ್ನು ಅದು ನೆಕ್ಕುತ್ತದೆ ಕೂಡ. ಬ್ಲೀಚ್ ಇನ್ನೂ ಕೆಟ್ಟದ್ದು. ಉಚ್ಚೆಯ ಅಮೋನಿಯಾ ಜೊತೆ ಸೇರಿದರೆ ವಿಷದ ಅನಿಲ ಹುಟ್ಟುತ್ತದೆ, ವಿನೆಗರ್ ಜೊತೆ ಸೇರಿದರೂ ಅಷ್ಟೇ.

ತೊಂದರೆ: ಹಾಸನ್ನು ಕಡಿಯುತ್ತದೆ, ಕೆದಕುತ್ತದೆ

ಮೊಲದ ಹಲ್ಲು ಜೀವನಪೂರ್ತಿ ಬೆಳೆಯುತ್ತದೆ, ಮುಂಹಲ್ಲು ವಾರಕ್ಕೆ ಸುಮಾರು ಎರಡು ಮಿಲಿಮೀಟರ್. ಕಡಿಯುವುದನ್ನು ನಿಲ್ಲಿಸಲು ಆಗುವುದಿಲ್ಲ, ನಿಲ್ಲಿಸಲೂಬಾರದು. ನೋಡಬೇಕಾದದ್ದು ಇಷ್ಟೇ: ಕಡಿದು ಬಿಸಾಡುತ್ತಿದೆಯೋ, ನುಂಗುತ್ತಿದೆಯೋ?

ತೂತಾದ ಜಾಗದ ಸುತ್ತ ಬಿದ್ದಿರುವ ಚೂರುಗಳನ್ನು ಗುಡ್ಡೆ ಮಾಡಿ, ತೂತಿನ ಅಳತೆಗೆ ಹೋಲಿಸಿ. ಚೂರು ಕಡಿಮೆ ಇದ್ದರೆ ಉಳಿದದ್ದು ಹೊಟ್ಟೆಯಲ್ಲಿದೆ. ಹಿಕ್ಕೆಯನ್ನೂ ನೋಡಿ. ಸಣ್ಣದಾಗಿದ್ದರೆ, ದಾರದಲ್ಲಿ ಪೋಣಿಸಿದಂತೆ ಬರುತ್ತಿದ್ದರೆ, ಎಳೆ ಒಳಗೆ ಹೋಗಿರಬಹುದು. ಮೊಲಕ್ಕೆ ವಾಂತಿ ಮಾಡಲು ಆಗುವುದಿಲ್ಲ. ಒಳಗೆ ಹೋದದ್ದು ಕರುಳಿನಲ್ಲೇ ಸಾಗಬೇಕು, ಇಲ್ಲವೇ ಅಲ್ಲೇ ಸಿಕ್ಕಿಕೊಳ್ಳಬೇಕು. ಹತ್ತು ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಅದು ತುರ್ತು. ಬೆಳಿಗ್ಗೆವರೆಗೆ ಕಾಯಬೇಡಿ.

ಮಕ್ಕಳ ಆಟಕ್ಕೆ ಹಾಕುವ, ಒಂದಕ್ಕೊಂದು ಜೋಡಿಸುವ ಫೋಮ್ ಮ್ಯಾಟ್ ಮೆತ್ತಗಿದೆ, ಹಿಡಿತವೂ ಇದೆ, ತೊಳೆಯಲೂ ಬರುತ್ತದೆ. ಎಲ್ಲ ಪರೀಕ್ಷೆಯಲ್ಲೂ ಪಾಸಾಗಿ ಇದೊಂದರಲ್ಲಿ ಫೇಲಾಗುತ್ತದೆ. ಅಂಚಿನ ಹಲ್ಲುಹಲ್ಲಾದ ಆಕಾರ ಮೊಲದ ಬಾಯಿಗೆ ಸರಿಯಾಗಿ ಸಿಗುತ್ತದೆ. ಮೆತ್ತನೆ ಬೇಕೆಂದೇ ಇದ್ದರೆ ಫೋಮ್ ಅನ್ನು ಕೆಳಗಿಟ್ಟು, ನಾಲ್ಕು ಬದಿಯೂ ಬಟ್ಟೆಯಲ್ಲಿ ಹೊಲಿದು ಮುಚ್ಚಿ. ಕಡಿಯುವ ಅಭ್ಯಾಸ ಇರುವ ಮೊಲಕ್ಕೆ ಅದೂ ಬೇಡ ಎಂಬುದು ನನ್ನ ಅಭಿಪ್ರಾಯ. ಪ್ಲಾಸ್ಟಿಕ್ ಚಾಪೆಯ ಎಳೆ ಇನ್ನೂ ಅಪಾಯ. ಬಣ್ಣ ಹಾಕದ ಹುಲ್ಲಿನ ಚಾಪೆಯಾದರೆ ತಿಂದರೂ ಹುಲ್ಲೇ, ಬೇಗ ಮುಗಿಯುತ್ತದೆ ಅಷ್ಟೇ. ಜಮಖಾನ ಒತ್ತಾದ ನೇಯ್ಗೆಯದು, ಉಗುರು ಸಿಕ್ಕಿಕೊಳ್ಳುವ ಸುರುಳಿ ಇಲ್ಲ. ಆದರೆ ತುದಿಯ ಕುಚ್ಚನ್ನು ಕತ್ತರಿಸಿ ಅಂಚು ಮಡಿಸಿ ಹೊಲಿದೇ ಹಾಸಬೇಕು. ಬಟ್ಟೆ ಯಾವುದೇ ಇರಲಿ, ಅಂಚು ಮೊಲಕ್ಕೆ ಸಿಗಬಾರದು. ಕಡಿಯುವುದು ಶುರುವಾಗುವುದೇ ಅಂಚಿನಿಂದ.

ಒಂದೇ ಮೂಲೆಯನ್ನು ಕೆದಕುತ್ತಿದ್ದರೆ ಆ ಮೂಲೆಗೆ ಉಳಿದಿರುವ ಒಂದು ಟೈಲ್ ಇಟ್ಟುಬಿಡಿ, ಒರಟು ಮುಖ ಮೇಲೆ ಬರುವಂತೆ. ಜೊತೆಗೆ ಕೆದಕಲು ಬೇರೆ ಜಾಗ ಕೊಡಿ. ರಟ್ಟಿನ ಪೆಟ್ಟಿಗೆಗೆ ಹರಿದ ಪೇಪರ್, ಹುಲ್ಲು ತುಂಬಿದರೆ ಸಾಕು. ಹೆಣ್ಣು ಮೊಲ ತನ್ನ ಕೂದಲನ್ನೇ ಕಿತ್ತು, ಹುಲ್ಲನ್ನು ಬಾಯಲ್ಲಿ ಕಚ್ಚಿ ಸಾಗಿಸುತ್ತಿದ್ದರೆ ಅದು ಮರಿಗೆ ಗೂಡು ಕಟ್ಟುತ್ತಿದೆ, ಗರ್ಭ ಇಲ್ಲದಿದ್ದರೂ ಹೀಗೆ ಮಾಡುವುದುಂಟು. ಹಾಗಿಲ್ಲದೆ ಎಲ್ಲ ಕಡೆಯೂ ಕಡಿಯುತ್ತಿದ್ದರೆ ಹುಲ್ಲಿನ ಬುಟ್ಟಿ ನೋಡಿ. ಖಾಲಿ ಇರುವುದೇ ಹೆಚ್ಚು.

ಬೇಸಿಗೆ, ಮಳೆಗಾಲ

ಚಳಿಗಾಲದಲ್ಲಿ ಚೆನ್ನಾಗಿದ್ದ ನೆಲವನ್ನು ಏಪ್ರಿಲ್‌ನಲ್ಲಿ ಮೊಲ ಬಿಟ್ಟುಬಿಡುತ್ತದೆ. ಫ್ಲೀಸ್ ಬಿಟ್ಟು ಬಾಗಿಲ ಬಳಿಯ ಬರಿ ಟೈಲ್ಸ್ ಮೇಲೆ ಉದ್ದಕ್ಕೆ ಮಲಗುತ್ತದೆ. ಇದು ಹಾಸಿನ ದೋಷವಲ್ಲ, ಸೆಕೆ. ಮೊಲಕ್ಕೆ ಹಿತವಾದ ಉಷ್ಣಾಂಶ 15ರಿಂದ 21 ಡಿಗ್ರಿ ಸೆಲ್ಸಿಯಸ್. ಅದು ನಮ್ಮಂತೆ ಬೆವರುವುದಿಲ್ಲ, ಮುಖ್ಯವಾಗಿ ಕಿವಿಯಿಂದ ಬಿಸಿ ಹೊರಹಾಕುತ್ತದೆ. ಬೇಸಿಗೆಯಲ್ಲಿ ಗೂಡಿನ ಮೂರನೇ ಒಂದು ಭಾಗವನ್ನಾದರೂ ಬರಿ ಟೈಲ್ಸ್ ಆಗಿ ಬಿಡಿ. ಮಲಗಲು ಅದು ತಂಪು, ಓಡಾಡಲು ಜಮಖಾನ. ಎರಡೂ ಇದ್ದರೆ ಮೊಲವೇ ಆರಿಸಿಕೊಳ್ಳುತ್ತದೆ. ಕಲಬುರಗಿ, ರಾಯಚೂರಿನ ಕಡೆ ಬರಿ ಟೈಲ್ಸ್ ಕೂಡ ಸಾಲದು, ಕೂಲರ್ ಬೇಕೇ ಬೇಕು. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಕಿವಿಗೆ ತಣ್ಣನೆ ನೀರಿನ ಬಟ್ಟೆ ಒತ್ತುತ್ತಾ ಡಾಕ್ಟರ ಬಳಿ ಓಡಿ.

ಕರಾವಳಿ, ಮಲೆನಾಡಿನ ಮಳೆಗಾಲ ಇದಕ್ಕೆ ಉಲ್ಟಾ. ಜಮಖಾನ ಒಣಗುವುದೇ ಇಲ್ಲ, ಟವೆಲ್‌ಗೆ ಬೂಷ್ಟು ಹಿಡಿಯುತ್ತದೆ. ಆಗ ಫ್ಲೀಸ್ ಕೈಹಿಡಿಯುತ್ತದೆ, ಹಿಂಡಿ ಫ್ಯಾನ್ ಕೆಳಗೆ ಹಾಕಿದರೂ ಬೇಗ ಒಣಗುತ್ತದೆ. ರಬ್ಬರ್ ಶೀಟನ್ನು ಎರಡು ದಿನಕ್ಕೊಮ್ಮೆ ಎತ್ತಿ ಕೆಳಗಿನ ನೆಲ ಒರೆಸಿ. ಹಾಸಿನ ಮೇಲೆ ಕಪ್ಪು ಚುಕ್ಕೆ ಕಂಡರೆ ಅದನ್ನು ತೊಳೆದು ಮತ್ತೆ ಬಳಸುವ ಆಸೆ ಬಿಟ್ಟುಬಿಡಿ.

ನೆಲದ ಮೇಲೆ ಕಂಡರೂ ನೆಲಕ್ಕೆ ಸೇರದ್ದು

ಬಿಳಿ ಫ್ಲೀಸ್ ಹಾಕಿದ ಮೇಲೆ ಕೆಂಪು ಕಲೆ ಕಂಡು ಹೆದರುವವರು ಬಹಳ. ಮೊಲದ ಉಚ್ಚೆ ತಿಳಿ ಹಳದಿಯಿಂದ ಕಿತ್ತಳೆ, ಇಟ್ಟಿಗೆ ಕೆಂಪಿನವರೆಗೂ ಇರಬಹುದು. ಇಡೀ ಕಲೆ ಒಂದೇ ಬಣ್ಣದಲ್ಲಿದ್ದು ಮೊಲ ಚೆನ್ನಾಗಿ ತಿನ್ನುತ್ತಿದ್ದರೆ ಒಂದೆರಡು ದಿನ ನೋಡಬಹುದು. ಹಳದಿಯ ನಡುವೆ ಬೇರೆಯಾಗಿ ರಕ್ತದ ಹನಿ ಕಂಡರೆ, ತಿಣುಕಿ ಉಚ್ಚೆ ಹೊಯ್ಯುತ್ತಿದ್ದರೆ, ಡಾಕ್ಟರಿಗೆ ತೋರಿಸಿ.

ಹಾಸಿನ ಮೇಲೆ ಅಂಟಿದ ಮೆತ್ತನೆಯ, ದ್ರಾಕ್ಷಿ ಗೊಂಚಲಿನಂಥ ಹಿಕ್ಕೆ ಮೊಲ ತಾನೇ ತಿನ್ನಬೇಕಾದದ್ದು. ಅದು ದಿನಾ ಉಳಿಯುತ್ತಿದ್ದರೆ ಪೆಲೆಟ್ (ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಮೊಲದ ಆಹಾರ), ಹಣ್ಣು ಜಾಸ್ತಿಯಾಗಿದೆ, ಹುಲ್ಲು ಕಡಿಮೆಯಾಗಿದೆ.

ಬದಲಿಸಿದ ಮೇಲೆ

ಗೂಡಿನ ಇಡೀ ನೆಲವನ್ನು ಒಂದೇ ದಿನ ಬದಲಿಸಬೇಡಿ. ಮೊಲಕ್ಕೆ ತನ್ನ ವಾಸನೆ ಇಲ್ಲದ ಜಾಗ ಅಂದರೆ ಆತಂಕ. ಎಲ್ಲ ಕಡೆ ಉಚ್ಚೆ ಹೊಯ್ದು ಮತ್ತೆ ಗುರುತು ಹಾಕುತ್ತದೆ, ನೀವು ಹೊಸ ಹಾಸೇ ಸರಿಯಿಲ್ಲ ಎಂದುಕೊಳ್ಳುತ್ತೀರಿ. ಅರ್ಧ ಭಾಗಕ್ಕೆ ಹೊಸದು ಹಾಕಿ, ಮೊಲ ಎಲ್ಲಿ ಮಲಗುತ್ತದೆ, ಎಲ್ಲಿ ಓಡುತ್ತದೆ ನೋಡಿ. ಬ್ರಿಟನ್ನಿನ ರ್‍ಯಾಬಿಟ್ ವೆಲ್ಫೇರ್ ಅಸೋಸಿಯೇಷನ್ ಒಂದು ಜೋಡಿ ಮೊಲಕ್ಕೆ ಕನಿಷ್ಠ 3 ಮೀಟರ್ ಉದ್ದ, 2 ಮೀಟರ್ ಅಗಲದ ಜಾಗ ಹೇಳುತ್ತದೆ, ಅಂದರೆ ಹೆಚ್ಚುಕಡಿಮೆ ಹತ್ತು ಅಡಿಗೆ ಆರೂವರೆ ಅಡಿ. ಅಷ್ಟು ದೊಡ್ಡ ಹಾಸನ್ನು ಒಂದೇ ತುಂಡಿನಲ್ಲಿ ತೊಳೆಯುವುದು ಕಷ್ಟ. ಮೂರು ತುಂಡು ಮಾಡಿ, ಒಂದರ ಮೇಲೊಂದು ಒಂದು ಗೇಣು ಬರುವಂತೆ ಹಾಸಿ. ಒದ್ದೆಯಾದದ್ದನ್ನು ಮಾತ್ರ ತೆಗೆದು ತೊಳೆಯಬಹುದು. ಎರಡು ಜೊತೆ ಇದ್ದರೆ ತೊಳೆದದ್ದು ಒಣಗುವವರೆಗೆ ಮೊಲ ಬರಿ ನೆಲದಲ್ಲಿ ಕಾಯಬೇಕಿಲ್ಲ, ಮಳೆಯ ಊರಿನವರಿಗೆ ಮೂರು ಜೊತೆ.

ಹಿಮ್ಮಡಿ ಕೆಂಪಾಗಿದ್ದ ಮೊಲವಾದರೆ ವಾರಕ್ಕೊಮ್ಮೆ ಅದೇ ಬೆಳಕಿನಲ್ಲಿ ಫೋಟೋ ತೆಗೆದು ಹಳೆಯದರ ಪಕ್ಕ ಇಟ್ಟು ನೋಡಿ. ಕೂದಲು ಮರಳಿ ಬರಲು ತುಂಬಾ ವಾರ ಬೇಕು, ಕೆಲವು ಸಲ ಸಣ್ಣ ಬೋಳು ಉಳಿದೇ ಬಿಡುತ್ತದೆ. ಕೆಂಪು ಮಾತ್ರ ಕಡಿಮೆಯಾಗುತ್ತಾ ಬರಬೇಕು. ನೆಲ ಮೆತ್ತಗೆ, ಒಣಗಿ ಇದ್ದರೂ ಎರಡು ವಾರದಲ್ಲಿ ಕೆಂಪು ಹಾಗೇ ಇದ್ದರೆ, ಊತ ಬಂದರೆ, ಕಾಲು ಕುಂಟಿದರೆ, ಫೋಟೋಗಳನ್ನು ತೆಗೆದುಕೊಂಡು ಡಾಕ್ಟರ ಬಳಿ ಹೋಗಿ. ಸೋಂಕು ಮೂಳೆಗೆ ಇಳಿದಿದೆಯೇ ಎಂದು ಎಕ್ಸ್‌ರೇ ತೆಗೆಯಬೇಕಾ ಅಂತ ನೀವೇ ಕೇಳಿ.